ಖೊಖೊ ಆಡುವ ಮಗಳ ಬುತ್ತಿ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಹತ್ತನೇ ತರಗತಿ, ಶಾಲೆಯ ಖೊಖೊ ತಂಡದಲ್ಲಿದ್ದಾಳೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮೈದಾನ, ಶಾಲೆ, ಮತ್ತೆ ಮೈದಾನ ಮುಗಿಸಿ ಬರುವಾಗ ಸಂಜೆ ಏಳು. ತಿಂಡಿಗೆ ಎರಡು ಇಡ್ಲಿ, ಮಧ್ಯಾಹ್ನಕ್ಕೆ ಡಬ್ಬಿ ತುಂಬ ಚಿತ್ರಾನ್ನವನ್ನೋ ಪುಳಿಯೋಗರೆಯನ್ನೋ ಕಟ್ಟಿಕೊಡುತ್ತೇನೆ. ಅರ್ಧ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಸಂಜೆ ಆಟದ ಹೊತ್ತಿಗೆ ಕಾಲು ಸೋಲುತ್ತದೆ ಅನ್ನುತ್ತಾಳೆ. ಡಬ್ಬಿಗೆ ಏನು ಹಾಕಿದರೆ ಶಕ್ತಿ ಬರುತ್ತದೆ? ಪ್ರೋಟೀನ್ ಪುಡಿ ಕೊಡಿಸಿ ಎಂದು ಕೆಲವರು ಹೇಳುತ್ತಾರೆ. ಕೊಡಬಹುದೇ?
(ಮಂಡ್ಯ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಅವಳ ಹೊಟ್ಟೆಗೆ ಹೋಗುತ್ತಿರುವುದು ಸಾಲುತ್ತಿಲ್ಲ. ಒಮ್ಮೆ ಲೆಕ್ಕ ಹಾಕಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 2400 ಕ್ಯಾಲೊರಿ ಬೇಕು. ಇದು ಸಾಮಾನ್ಯವಾಗಿ ಓಡಾಡಿಕೊಂಡಿರುವ ಹುಡುಗಿಯ ಲೆಕ್ಕ. ಎರಡು ಹೊತ್ತು ಮೈದಾನದಲ್ಲಿ ಬೆವರು ಹರಿಸುವವಳಿಗೆ ಇನ್ನೂ ನಾನೂರು ಐನೂರು ಸೇರಿಸಬೇಕು. ಅಂದರೆ 2800, 2900ರ ಹತ್ತಿರ. ರಾತ್ರಿ ಏಳರ ಮೇಲೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಉಂಡರೂ ಒಂದು ಲೋಟ ಹಾಲು ಸೇರಿ ಒಂಬೈನೂರರಷ್ಟು ಸಿಗಬಹುದು. ಬೆಳಿಗ್ಗೆ ಹೊರಡುವಾಗ ತಿನ್ನುವುದು ಒಂದು ನೂರು. ಉಳಿದ 1800 ಕ್ಯಾಲೊರಿ ಶಾಲೆಯ ಬ್ಯಾಗಿನಲ್ಲಿಯೇ ಹೋಗಬೇಕು.

ಈಗ ಹೋಗುತ್ತಿರುವುದೆಷ್ಟು? 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲೊರಿ. ಡಬ್ಬಿಯಲ್ಲಿ 300 ಗ್ರಾಂ ಹಿಡಿದರೆ ಎಣ್ಣೆ, ಕಡಲೆಕಾಯಿ ಬೀಜ ಸೇರಿ ಐನೂರು. ಅದರಲ್ಲಿ ಅರ್ಧ ವಾಪಸ್ ಬಂದರೆ ಇನ್ನೂರೈವತ್ತು. ಎರಡು ಇಡ್ಲಿ, ಚಟ್ನಿಗೆ ಇನ್ನೊಂದು ಇನ್ನೂರು. ಹದಿಮೂರು ಗಂಟೆ ಮನೆಯ ಹೊರಗಿರುವ, ಇನ್ನೂ ಬೆಳೆಯುತ್ತಿರುವ ಹುಡುಗಿಯ ಕಾಲು ಸಂಜೆ ಸೋಲದೆ ಇನ್ನೇನಾದೀತು?

ಹಾಗಂತ ದೊಡ್ಡ ಡಬ್ಬಿ ತಂದು ಇನ್ನಷ್ಟು ಅನ್ನ ತುಂಬಿದರೆ ಪ್ರಯೋಜನವಿಲ್ಲ. ಅದೂ ಅರ್ಧ ವಾಪಸ್ ಬರುತ್ತದೆ. ಊಟದ ಬಿಡುವು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಇರುತ್ತದೆ. ಅದರಲ್ಲೇ ಕೈತೊಳೆಯಲು ಸಾಲು ನಿಲ್ಲಬೇಕು, ಗೆಳತಿಯರ ಜೊತೆ ಮಾತಾಡಬೇಕು. ಬೆಳಿಗ್ಗೆ ಐದೂವರೆಗೆ ಕಟ್ಟಿದ ಅನ್ನ ಒಂದು ಗಂಟೆಯ ಹೊತ್ತಿಗೆ ತಣ್ಣಗೆ ಮುದ್ದೆಕಟ್ಟಿರುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಈ ವಯಸ್ಸಿನ ಹುಡುಗಿಯರಲ್ಲಿ ಅನೇಕರಿಗೆ ನಾಲ್ವರ ಎದುರು ಹೊಟ್ಟೆ ತುಂಬ ಉಣ್ಣಲು ಸಂಕೋಚ. ‘ಇಷ್ಟೊಂದು ತಿಂತೀಯಾ’ ಎಂದು ಯಾರೋ ಒಬ್ಬರು ಅಂದರೆ ಸಾಕು, ಮರುದಿನದಿಂದ ಡಬ್ಬಿ ತುಂಬಿಯೇ ವಾಪಸ್. ಆಟಗಾರ್ತಿಯ ಹಸಿವು ನಾಚಿಕೆಪಡುವಂಥದ್ದಲ್ಲ ಎಂದು ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ ಎಲ್ಲರ ಬಾಯಲ್ಲೂ ಅವಳು ಕೇಳಬೇಕು. ಅಣ್ಣ ತಮ್ಮಂದಿರಿಗೆ ಬಡಿಸುವ ಮೊಟ್ಟೆ, ತುಪ್ಪ ಅವಳ ತಟ್ಟೆಗೂ ಅಷ್ಟೇ ಬೀಳಬೇಕು.

ನನ್ನ ಸಲಹೆ ಇಷ್ಟು. ಒಂದು ದೊಡ್ಡ ಡಬ್ಬಿಯ ಬದಲು ಒಂದು ಮಧ್ಯಮ ಡಬ್ಬಿ, ಮೂರು ಸಣ್ಣ ಡಬ್ಬಿ ಕಳಿಸಿ. ಯಾವುದನ್ನು ಎಷ್ಟು ಹೊತ್ತಿಗೆ ತೆರೆಯಬೇಕೆಂದು ಅವಳಿಗೆ ಹೇಳಿಕೊಡಿ. ಏನು ತಿಂದಳು ಎಂಬುದರಷ್ಟೇ ಯಾವಾಗ ತಿಂದಳು ಎಂಬುದೂ ಅವಳ ಆಟಕ್ಕೆ ಮುಖ್ಯ.

ಖೊಖೊದಲ್ಲಿ ಸಾವಧಾನದ ಓಟ ಎಂಬುದೇ ಇಲ್ಲ. ಕೂತಲ್ಲಿಂದ ಚಿಮ್ಮಿ ಎದ್ದು ಅಟ್ಟಬೇಕು, ಕಂಬ ಹಿಡಿದು ತಿರುಗಬೇಕು, ಮೈ ಎಸೆದು ಡೈವ್ ಹೊಡೆಯಬೇಕು, ಮತ್ತೆ ಕೂರಬೇಕು. ಇಂಥ ಜಿಗಿತದ ಆಟಕ್ಕೆ ಸ್ನಾಯು ಮುಖ್ಯವಾಗಿ ಬಳಸುವುದು ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು. ಅನ್ನ, ರೊಟ್ಟಿ, ಬಾಳೆಹಣ್ಣು, ಬೆಲ್ಲ ಎಲ್ಲವೂ ಕೊನೆಗೆ ಅದಾಗಿಯೇ ಸ್ನಾಯುವಿನಲ್ಲಿ ಸೇರುತ್ತವೆ. ಬೆಳಗಿನ ಅಭ್ಯಾಸದಲ್ಲಿ ಅದು ಬಹಳಷ್ಟು ಕರಗಿರುತ್ತದೆ. ಸಂಜೆಯೊಳಗೆ ಮತ್ತೆ ತುಂಬದಿದ್ದರೆ ಎರಡನೆಯ ಅಭ್ಯಾಸದಲ್ಲಿ ಮನಸ್ಸು ಓಡಿದರೂ ಕಾಲು ಓಡುವುದಿಲ್ಲ. ಅದನ್ನು ತುಂಬಲು ಒಳ್ಳೆಯ ಹೊತ್ತೆಂದರೆ ಆಟ ಮುಗಿದ ಮೊದಲ ಒಂದು ಗಂಟೆ. ಆಗ ಸ್ನಾಯು ಪಿಷ್ಟವನ್ನು ಬೇಗ ಹೀರಿಕೊಳ್ಳುತ್ತದೆ. ತೊಂದರೆಯೆಂದರೆ, ಜೋರಾಗಿ ಓಡಿ ನಿಂತ ತಕ್ಷಣ ಅನೇಕರಿಗೆ ಹಸಿವೇ ಆಗುವುದಿಲ್ಲ. ಅದಕ್ಕೇ ಹಸಿವಾದಾಗ ತಿನ್ನು ಎಂದು ಬಿಡದೆ ಇಷ್ಟು ಗಂಟೆಗೆ ತಿನ್ನು ಎಂದು ಹೇಳಬೇಕಾಗುತ್ತದೆ.

ಬೆಳಿಗ್ಗೆ ಹೊರಡುವಾಗ ಒಂದು ಬಾಳೆಹಣ್ಣು, ನೀರು. ಬರೀ ಹೊಟ್ಟೆಯಲ್ಲಿ ಓಡಿಸಬೇಡಿ.

ಅಭ್ಯಾಸ ಮುಗಿದ ಮೇಲೆ ಮೊದಲ ಡಬ್ಬಿ. ಎರಡು ಇಡ್ಲಿಯ ಬದಲು ತುಪ್ಪ ಸವರಿದ ಎರಡು ಚಪಾತಿ, ಎರಡು ಬೇಯಿಸಿದ ಮೊಟ್ಟೆ ಇದ್ದರೆ ಸುಮಾರು 450 ಕ್ಯಾಲೊರಿ ಆಯಿತು. ಮೊಟ್ಟೆಗಳಿಂದಲೇ 12 ಗ್ರಾಂ ಪ್ರೋಟೀನ್ ಬಂತು. ಮೊಟ್ಟೆಯನ್ನು ಸಿಪ್ಪೆ ಸಮೇತ ಕಳಿಸಿ. ಅದು ಬೆಳಗಿನ ಈ ಮೊದಲ ಡಬ್ಬಿಯಲ್ಲಿ ಮಾತ್ರ ಇರಲಿ, ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಇಡುವಂಥದ್ದಲ್ಲ. ಮೊಟ್ಟೆ ತಿನ್ನದ ಮನೆಯಾದರೆ ನೆನೆಸಿದ ಹೆಸರುಕಾಳು ರುಬ್ಬಿ ಹುಯ್ದ ಎರಡು ದಪ್ಪ ದೋಸೆ, ಹುರಿಗಡಲೆ ಚಟ್ನಿಪುಡಿ, ಜೊತೆಗೆ ಇನ್ನೊಂದು ಬಾಳೆಹಣ್ಣು. ಇಡ್ಲಿ ಒಳ್ಳೆಯದೇ, ಆದರೆ ಎರಡು ಸಾಲದು. ನಾಲ್ಕು ಇಡ್ಲಿಗೆ ಕಡಲೆಕಾಯಿ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಕಳಿಸಿ.

ಮಧ್ಯಾಹ್ನದ ಡಬ್ಬಿಯಲ್ಲಿ ಗಾತ್ರ ಹೆಚ್ಚಿಸದೆ ಕಸುವು ಹೆಚ್ಚಿಸಬೇಕು. ಒಂದು ಗ್ರಾಂ ಪಿಷ್ಟದಲ್ಲಿ ನಾಲ್ಕು ಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು. ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಚಮಚ ತುಪ್ಪ, ಎರಡು ಚಮಚ ಹುಚ್ಚೆಳ್ಳು ಪುಡಿ ಡಬ್ಬಿಯಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ, ಆದರೆ ಊಟದ ಬಲವನ್ನೇ ಬದಲಿಸುತ್ತವೆ. ನಮ್ಮ ಹಿರಿಯರು ದೂರದ ಹೊಲಕ್ಕೆ, ಜಾತ್ರೆಗೆ ಕಟ್ಟುತ್ತಿದ್ದ ಬುತ್ತಿಯಲ್ಲಿ ಈ ತಿಳಿವಳಿಕೆಯೆಲ್ಲ ಇತ್ತು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿಯನ್ನೇ ನೋಡಿ. ಧಾನ್ಯ, ತರಕಾರಿ, ಎಣ್ಣೆಬೀಜ ಮೂರೂ ಸೇರಿವೆ. ಬೇಗ ಕೆಡುವುದಿಲ್ಲ, ಹೊತ್ತು ನಡೆಯಲು ಭಾರವಲ್ಲ, ಕೆಲಸ ಮಾಡುವವರಿಗೆ ಸಾಕಾಗುತ್ತದೆ.

ನಿಮ್ಮ ಕಡೆಯ ಅಡುಗೆಯಲ್ಲಿ ಇದಕ್ಕೆ ಅತ್ಯಂತ ಒಗ್ಗುವುದು ಅಕ್ಕಿ ರೊಟ್ಟಿ, ರಾಗಿ ರೊಟ್ಟಿ. ಅಕ್ಕಿ ರೊಟ್ಟಿಗೆ ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು, ಕಡಲೆಕಾಯಿ ತರಿ ಹಾಕಿ ತಟ್ಟಿ. ರಾಗಿ ರೊಟ್ಟಿಗೆ ನುಗ್ಗೆಸೊಪ್ಪು, ಈರುಳ್ಳಿ. ಆರಿದ ಮೇಲೆ ರೊಟ್ಟಿ ಬಿರುಸಾಗುತ್ತದೆ ಎಂಬುದು ಎಲ್ಲರ ದೂರು. ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ ತಟ್ಟಿ, ಬೇಯುವಾಗ ಎಣ್ಣೆ ಬಿಟ್ಟು, ಇಳಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನ ಒಂದು ಗಂಟೆಗೂ ಮೆತ್ತಗೇ ಇರುತ್ತದೆ. ಇಂಥ ಎರಡು ರೊಟ್ಟಿ, ಪಕ್ಕದಲ್ಲಿ ಕಡಲೆಕಾಳಿನದೋ ಹುರುಳಿಯದೋ ಉಸಲಿ, ಒಂದು ನಿಂಬೆಹೋಳು. ಕೈ ತೊಳೆದು ಹತ್ತು ನಿಮಿಷದಲ್ಲಿ ತಿಂದು ಮುಗಿಸಬಹುದು. ಚಮಚ ಬೇಕಿಲ್ಲ, ಮುದ್ದೆಕಟ್ಟುವುದಿಲ್ಲ, ಗೆಳತಿಯರಿಗೂ ಒಂದು ಚೂರು ಕೊಡಬಹುದು.

ಅನ್ನವನ್ನು ಪೂರ್ತಿ ಬಿಡಬೇಕಿಲ್ಲ. ವಾರದಲ್ಲಿ ಎರಡು ದಿನ ಮೊಸರನ್ನ ಕಳಿಸಿ, ಆದರೆ ಮೊಸರು ಕಲಸಿ ಕಳಿಸಬೇಡಿ. ಮೆತ್ತಗೆ ಬೆಂದ ಅನ್ನವನ್ನು ಬಿಸಿಯಲ್ಲೇ ಹಿಸುಕಿ, ಧಾರಾಳವಾಗಿ ಹಾಲು ಬೆರೆಸಿ, ಉಗುರು ಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಹಾಕಿ ಮುಚ್ಚಿ. ಅಲ್ಲಾಡುತ್ತಾ ಹೋಗುವ ಡಬ್ಬಿಯಲ್ಲೇ ಹೆಪ್ಪುಗಟ್ಟಿ ಮಧ್ಯಾಹ್ನಕ್ಕೆ ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಹುರಿದ ಕಡಲೆಕಾಯಿ ಬೀಜ, ದಾಳಿಂಬೆ ಕಾಳು ಬೇರೆ ಪೊಟ್ಟಣದಲ್ಲಿ ಇಡಿ. ಪುಳಿಯೋಗರೆಯೂ ಬುತ್ತಿಗೆ ಒಳ್ಳೆಯದೇ, ಹುಣಸೆಯ ಹುಳಿ ಅದನ್ನು ಬೇಗ ಕೆಡಲು ಬಿಡುವುದಿಲ್ಲ. ಹಸಿ ತೆಂಗಿನತುರಿ ಹಾಕಿದ ಪಲ್ಯ ಮಾತ್ರ ಬೇಸಿಗೆಯಲ್ಲಿ ಬೇಡ. ತುರಿಯ ಬದಲು ಹುಚ್ಚೆಳ್ಳು ಪುಡಿ ಉದುರಿಸಿ.

ಚಿತ್ರಾನ್ನದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ರಾತ್ರಿ ಮಿಕ್ಕ ಅನ್ನವನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು, ಬೆಳಿಗ್ಗೆ ಒಗ್ಗರಣೆ ಕೊಟ್ಟು ಡಬ್ಬಿಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಬೆಳೆದು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ಬೆಳಿಗ್ಗೆಯೇ ತಿಂದರೆ ಏನೂ ಆಗದಿರಬಹುದು. ಅದೇ ಅನ್ನ ಮತ್ತೆ ಏಳು ಗಂಟೆ ಬ್ಯಾಗಿನಲ್ಲಿ ಕೂತರೆ ಅಪಾಯ ಹೆಚ್ಚು. ಡಬ್ಬಿಗೆ ಹೊಸದಾಗಿ ಬೇಯಿಸಿದ ಅನ್ನವನ್ನೇ ಬಳಸಿ. ರಾತ್ರಿಯದೇ ಆಗಬೇಕೆಂದರೆ ಉಂಡು ಎದ್ದ ತಕ್ಷಣ ಫ್ರಿಜ್ಜಿಗೆ ಹೋಗಿರಬೇಕು. ಬಿಸಿ ಅನ್ನವನ್ನು ಹಬೆಯಾಡುವಾಗಲೇ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಬೇಡಿ. ತಟ್ಟೆಯಲ್ಲಿ ಹರಡಿ ಆರಿಸಿ ತುಂಬಿ.

ಮೂರನೆಯ ಡಬ್ಬಿ ಸಂಜೆಯ ಅಭ್ಯಾಸಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು, ಅಂದರೆ ಕೊನೆಯ ಪೀರಿಯಡ್ ಮುಗಿದ ಕೂಡಲೇ ತೆರೆಯುವಂಥದ್ದು. ನಿಮ್ಮ ಮಗಳ ಕಾಲು ಸೋಲುವುದನ್ನು ಮೊದಲು ತಡೆಯುವುದು ಇದೇ. ಬೇಗ ಅರಗುವಂಥದ್ದು ಬೇಕು. ನೆನೆಸಿ ಬೆಲ್ಲ ಕಲಸಿದ ಅವಲಕ್ಕಿ, ಇಲ್ಲವೇ ಮಂಡಕ್ಕಿಗೆ ಹುರಿಗಡಲೆ, ಜೊತೆಗೆ ಒಂದು ಬಾಳೆಹಣ್ಣು. ಎಣ್ಣೆಯಲ್ಲಿ ಕರಿದ ಬಜ್ಜಿ, ಪಫ್ ಆ ಹೊತ್ತಿಗೆ ಬೇಡ. ಕೊಬ್ಬು ಹೊಟ್ಟೆಯಲ್ಲಿ ನಿಧಾನವಾಗಿ ಅರಗುತ್ತದೆ, ಓಡುವಾಗ ಹೊಟ್ಟೆ ಹಿಡಿಯುತ್ತದೆ.

ನಾಲ್ಕನೆಯದು ಆಟ ಮುಗಿದು ಬಸ್ಸಿಗೆ ಕಾಯುವಾಗ. ಇಲ್ಲಿ ತಂಬಿಟ್ಟಿಗೆ ಸರಿಸಾಟಿಯಿಲ್ಲ. ಹುರಿಗಡಲೆ, ಕಡಲೆಕಾಯಿ ಬೀಜ, ಎಳ್ಳು, ಬೆಲ್ಲ ಎಲ್ಲವೂ ನಿಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಶಿವರಾತ್ರಿಗೆ ಮಾತ್ರ ಯಾಕೆ, ಭಾನುವಾರ ಒಮ್ಮೆ ಕಟ್ಟಿಟ್ಟರೆ ವಾರಕ್ಕೆ ಆಗುತ್ತದೆ. ಎರಡು ಉಂಡೆಗೆ 250 ಕ್ಯಾಲೊರಿ ಮೀರುತ್ತದೆ. ರಾಗಿ ಹುರಿಹಿಟ್ಟು ಇದ್ದರೆ ಮನೆ ಸೇರಿದ ಕೂಡಲೇ ಒಂದು ಲೋಟ ಹಾಲಿಗೆ ಎರಡು ಚಮಚ ಕಲಸಿ, ಬೆಲ್ಲ ಹಾಕಿ ಕೊಡಿ. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ.

ಇನ್ನು ಪುಡಿಯ ಪ್ರಶ್ನೆ. ಕೊಡಿಸಬೇಡಿ. 48 ಕಿಲೋ ತೂಕದ ಆಟಗಾರ್ತಿಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಧಾರಾಳ. ಎರಡು ಮೊಟ್ಟೆಯಿಂದ 12, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಒಂದು ದೊಡ್ಡ ಹಿಡಿ ಕಡಲೆಕಾಯಿ ಬೀಜದಿಂದ 12, ದಿನದ ಬೇಳೆ ಕಾಳಿನಿಂದ 13, ಅನ್ನ ರೊಟ್ಟಿ ಮುದ್ದೆಯಿಂದ 20ರ ಮೇಲೆ. ಕೂಡಿ ನೋಡಿ, ಎಪ್ಪತ್ತು ದಾಟಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 2024ರ ತನ್ನ ಮಾರ್ಗಸೂಚಿಯಲ್ಲಿ ಮೈ ಕಟ್ಟಲು ಇಂಥ ಪುಡಿಗಳನ್ನು ಬಳಸಬೇಡಿ ಎಂದಿದೆ. ಒಂದು ಡಬ್ಬ ಪುಡಿಯ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಕಡಲೆಕಾಯಿ ಬರುತ್ತದೆ ನೋಡಿ.

ಪ್ರೋಟೀನಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಬ್ಬಿಣದ ಅಂಶ. ‘ಕಾಲು ಸೋಲುತ್ತದೆ’ ಎಂಬ ಮಾತಿನ ಹಿಂದೆ ರಕ್ತಹೀನತೆಯೂ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಆಟ ಆಡುವ ಹುಡುಗಿಗೆ ಅದರ ಪೆಟ್ಟು ಬೇಗ ಗೊತ್ತಾಗುತ್ತದೆ, ಏಕೆಂದರೆ ಸ್ನಾಯುವಿಗೆ ಆಮ್ಲಜನಕ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ಡಬ್ಬಿಯೊಂದರಿಂದ ಸರಿಹೋಗುವಂಥದ್ದಲ್ಲ. ವೈದ್ಯರು ಮಾತ್ರೆ ಕೊಡುತ್ತಾರೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು, ಜಂತುಹುಳುವಿನ ಮಾತ್ರೆಯನ್ನು ಅವಳು ನುಂಗುತ್ತಿದ್ದಾಳೋ ಎಸೆಯುತ್ತಿದ್ದಾಳೋ ಮೆತ್ತಗೆ ವಿಚಾರಿಸಿ.

ಈ ವಯಸ್ಸಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ನೆಚ್ಚಬೇಡಿ. ಒಂದು ಉಂಡೆಯ ಬೆಲ್ಲದಲ್ಲಿ ಸಿಗುವುದು ತೀರಾ ಸ್ವಲ್ಪ. ಹುರುಳಿ, ಅಲಸಂದೆ, ಹುಚ್ಚೆಳ್ಳು, ದಂಟಿನ ಸೊಪ್ಪು, ಮಾಂಸ ತಿನ್ನುವವರಾದರೆ ವಾರಕ್ಕೊಮ್ಮೆ ಈಲಿ ಇವೇ ನೆಚ್ಚಿಕೊಳ್ಳಬಹುದಾದವು. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ, ಹತ್ತಿಸಲು ಸಿ ಜೀವಸತ್ವ ಬೇಕು. ಉಸಲಿಯ ಪಕ್ಕದಲ್ಲಿ ನಿಂಬೆಹೋಳು ಇಡಿ ಎಂದದ್ದು ಅದಕ್ಕೇ. ಸೀಬೆಹಣ್ಣು, ನೆಲ್ಲಿಕಾಯಿ ಇದ್ದರೆ ಇನ್ನೂ ಒಳ್ಳೆಯದು. ಕಾಳನ್ನು ಮೊಳಕೆ ಬರಿಸಿದರೂ ಸಹಾಯವಾಗುತ್ತದೆ. ಊಟದ ಜೊತೆ ಟೀ ಕುಡಿದರೆ ಮಾತ್ರ ಈ ಶ್ರಮವೆಲ್ಲ ವ್ಯರ್ಥ, ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರವಿರಲಿ. ಹಾಲು, ರಾಗಿಯ ಸುಣ್ಣದಂಶವೂ ಕಬ್ಬಿಣಕ್ಕೆ ಸ್ವಲ್ಪ ಅಡ್ಡಿ. ಹಾಗಾಗಿ ಕಾಳು, ಸೊಪ್ಪು ಇರುವ ದಿನ ಮಧ್ಯಾಹ್ನಕ್ಕೆ ಅಕ್ಕಿ ರೊಟ್ಟಿ ಕಟ್ಟಿ, ರಾಗಿ ಮುದ್ದೆ ಹಾಲು ರಾತ್ರಿಗೆ ಇರಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದಂಶವಿದೆ. ಮೂಳೆ ಗಟ್ಟಿಯಾಗುವ ಈ ವಯಸ್ಸಿನಲ್ಲಿ, ಡೈವ್ ಹೊಡೆದು ನೆಲಕ್ಕೆ ಬೀಳುವ ಹುಡುಗಿಗೆ ಅದು ಬೇಕೇ ಬೇಕು. ರಾತ್ರಿ ಮುದ್ದೆ, ಸೊಪ್ಪಿನ ಬಸ್ಸಾರು, ಒಂದು ಲೋಟ ಹಾಲು ನಿಮ್ಮ ಮನೆಯಲ್ಲಿ ಈಗಲೂ ಇರುತ್ತದೆ ಎಂದುಕೊಳ್ಳುತ್ತೇನೆ. ಅದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಮುಟ್ಟಿನ ಬಗ್ಗೆ ಮಗಳನ್ನು ಕೇಳಲು ಹಿಂಜರಿಯಬೇಡಿ. ತಿನ್ನುವುದಕ್ಕಿಂತ ದುಡಿಯುವುದು ಹೆಚ್ಚಾದರೆ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೂ ಒಂದು. ಸರಿಯಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ಬರದಿದ್ದರೆ, ಗಾಯಗಳು ಬೇಗ ಮಾಯದಿದ್ದರೆ, ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ತರಬೇತುದಾರರು ‘ಹಗುರವಾಗಿದ್ದರೆ ವೇಗ ಹೆಚ್ಚುತ್ತದೆ’ ಎಂದು ಊಟ ಕಡಿಮೆ ಮಾಡಿಸಿದ್ದಾರೋ ಎಂಬುದನ್ನೂ ಕೇಳಿಕೊಳ್ಳಿ. ಹಾಗಿದ್ದರೆ ನೀವೇ ಹೋಗಿ ಮಾತಾಡಬೇಕು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಿಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಮಟ್ಟದ ಆಟ ಹೊಟ್ಟೆ ಕಟ್ಟಿ ಆಡುವಂಥದ್ದಲ್ಲ.

ನೀರಿನ ವಿಷಯ ಚಿಕ್ಕದೆಂದು ಬಿಡಬೇಡಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಇಡೀ ದಿನ ನೀರು ಕುಡಿಯದೆ ಇರುವ ಹುಡುಗಿಯರು ಬಹಳ. ಅವಳ ಬಾಟಲಿ ಎಷ್ಟು ಖಾಲಿಯಾಗಿ ಬರುತ್ತದೆ ನೋಡಿ. ಶೌಚಾಲಯವೇ ಕಾರಣವಾಗಿದ್ದರೆ ನಾಲ್ಕು ಜನ ತಾಯಂದಿರು ಸೇರಿ ಮುಖ್ಯ ಶಿಕ್ಷಕರನ್ನು ಕಾಣಿ. ಅದು ಊಟದಷ್ಟೇ ಅಗತ್ಯದ ಮಾತು. ಶಾಲೆ ಸರ್ಕಾರಿಯೋ ಅನುದಾನಿತವೋ ಆಗಿದ್ದರೆ ಅಲ್ಲಿ ಸಿಗುವ ಬಿಸಿಯೂಟ, ಹಾಲು, ಮೊಟ್ಟೆಯನ್ನೂ ಅವಳು ತಿನ್ನಲಿ. ಆಗ ನಿಮ್ಮ ಮಧ್ಯಾಹ್ನದ ಡಬ್ಬಿಗೆ ಉಸಲಿ, ಹಣ್ಣು ಮಾತ್ರ ಸಾಕು.

ನಾಲ್ಕು ಡಬ್ಬಿ ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ನೀವೇ ಏಳಬೇಕು ಎಂದಲ್ಲ. ತಂಬಿಟ್ಟು, ಚಟ್ನಿಪುಡಿ ವಾರಕ್ಕೊಮ್ಮೆ ಆಗುವ ಕೆಲಸ. ಕಾಳು ರಾತ್ರಿಯೇ ನೆನೆಯುತ್ತದೆ. ಹಣ್ಣು, ಅವಲಕ್ಕಿಯ ಡಬ್ಬಿಗಳನ್ನು ಮಗಳೇ ರಾತ್ರಿ ತುಂಬಿಡಲಿ, ಅಣ್ಣನಿದ್ದರೆ ಅವನೂ ಕೈಜೋಡಿಸಲಿ. ತಾವೇ ತುಂಬಿದ ಡಬ್ಬಿಯನ್ನು ಮಕ್ಕಳು ವಾಪಸ್ ತರುವುದು ಕಡಿಮೆ.

ಪಂದ್ಯದ ದಿನ ಹೊಸ ತಿನಿಸು ಯಾವುದೂ ಬೇಡ, ದಿನವೂ ತಿಂದು ಒಗ್ಗಿದ್ದನ್ನೇ ಕಟ್ಟಿ. ಆಟಕ್ಕೆ ಮೂರು ಗಂಟೆ ಮೊದಲು ಹೊಟ್ಟೆ ತುಂಬ ಊಟ, ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು. ಹೊರಗಿನ ಊರಿನಲ್ಲಿ ಊಟ ಹಾಕಿದರೆ ಹಬೆಯಾಡುತ್ತಿರುವುದನ್ನು ಮಾತ್ರ ತಿನ್ನಲಿ. ಒಂದೇ ದಿನ ಎರಡು ಪಂದ್ಯವಿದ್ದು ನಡುವೆ ಒಂದು ಗಂಟೆಯ ಬಿಡುವು ಮಾತ್ರ ಇದ್ದರೆ ಬೆಲ್ಲದ ಅವಲಕ್ಕಿ, ಉಪ್ಪು ಹಾಕಿದ ಮಜ್ಜಿಗೆ ಸಾಕು. ರೊಟ್ಟಿಯ ಡಬ್ಬಿ ಎರಡನೆಯ ಪಂದ್ಯ ಮುಗಿದ ಮೇಲೆ ತೆರೆಯಲಿ.